ಹೊಳೆಯುವ ರೂಪಾಯಿಗೆ ಎಷ್ಟು ಕೊಡಬೇಕು?

ನೂರು ವರ್ಷ ಹಳೆಯ ಬೆಳ್ಳಿ ರೂಪಾಯಿ ಫಳಫಳ ಹೊಳೆಯುತ್ತಿದ್ದರೆ ನಾನು ಕೂಡಲೇ ಜೇಬಿಗೆ ಕೈ ಹಾಕುವುದಿಲ್ಲ. ನಮ್ಮ ಮನೆಗಳಲ್ಲಿ ವಿಕ್ಟೋರಿಯಾ ರಾಣಿಯ ನಾಣ್ಯಗಳು ಇಷ್ಟೊಂದು ಉಳಿದಿರುವುದು ಲಕ್ಷ್ಮೀಪೂಜೆಯ ಪುಣ್ಯದಿಂದ. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಹುಣಸೆಹಣ್ಣು, ವಿಭೂತಿ ಹಾಕಿ ಅವನ್ನು ಉಜ್ಜುವುದೂ ಅಷ್ಟೇ ಹಳೆಯ ರೂಢಿ, ನಮ್ಮಮ್ಮನೂ ಉಜ್ಜುತ್ತಿದ್ದರು. ಪೂಜೆಗೆ ಅದು ಸರಿಯೇ. ಆದರೆ ಸಂಗ್ರಹಕಾರರ ಪೇಟೆಯಲ್ಲಿ ಉಜ್ಜಿದ ನಾಣ್ಯದ ಬೆಲೆ ಕುಸಿಯುತ್ತದೆ, ಮತ್ತೆ ಏರುವುದೂ ಇಲ್ಲ.

ಕಾರಣ ಲೋಹದಲ್ಲೇ ಇದೆ. ಟಂಕಸಾಲೆಯಲ್ಲಿ ಅಚ್ಚು ಬೀಳುವಾಗ ಬೆಳ್ಳಿ ಒತ್ತಡಕ್ಕೆ ಅಂಚಿನ ಕಡೆ ಸರಿದು, ಮೈಮೇಲೆ ಅತಿಸೂಕ್ಷ್ಮ ಗೆರೆಗಳನ್ನು ಬಿಡುತ್ತದೆ. ಚಲಾವಣೆಗೆ ಹೋಗದ ನಾಣ್ಯವನ್ನು ದೀಪದಡಿ ವಾಲಿಸಿ ತಿರುಗಿಸಿದರೆ ಬೆಳಕು ಗಾಡಿಚಕ್ರದ ಅರಗಳಂತೆ ಸುತ್ತುವುದು ಆ ಗೆರೆಗಳಿಂದಲೇ. ಪುಡಿ ಹಾಕಿ ತಿಕ್ಕಿದರೆ ಅವು ಅಳಿದುಹೋಗುತ್ತವೆ. ಆಮ್ಲದ ದ್ರಾವಣದಲ್ಲಿ ಮತ್ತೆ ಮತ್ತೆ ಅದ್ದಿದರೂ ಸವೆಯುತ್ತವೆ. ಆಮೇಲೆ ಉಳಿಯುವುದು ಎತ್ತ ತಿರುಗಿಸಿದರೂ ಕದಲದ, ಸತ್ತ ಬಿಳುಪು.

ನಾನು ಮೊದಲು ನೋಡುವುದು ಮುಖದ ಸುತ್ತಲಿನ ಖಾಲಿ ಜಾಗ. ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಕಂಡರೆ ಬಟ್ಟೆಯಿಂದಲೋ ಬ್ರಷ್‌ನಿಂದಲೋ ಉಜ್ಜಿದ್ದಾರೆ ಎಂದರ್ಥ. ಕೈಯಿಂದ ಕೈಗೆ ಹೋಗಿ ಬಿದ್ದ ಗೀರುಗಳು ಹಾಗಿರುವುದಿಲ್ಲ, ಅಡ್ಡಾದಿಡ್ಡಿಯಾಗಿರುತ್ತವೆ. ಅಕ್ಷರಗಳ ಸಂದಿಯಲ್ಲಿ ಕಪ್ಪು ಕೂತಿದ್ದು, ಪಕ್ಕದ ಬಯಲು ಮಾತ್ರ ಬೆಳ್ಳಗಿದ್ದರೂ ಅನುಮಾನ ಬರಬೇಕು. ರಾಣಿಯ ಕೂದಲಿನ ಎಳೆಗಳೇ ಸವೆದುಹೋದ ನಾಣ್ಯ ಹೊಸದರಂತೆ ಹೊಳೆಯಲು ಸಾಧ್ಯವೇ ಇಲ್ಲ. ಸವೆದ ಬೆಳ್ಳಿಯ ಸಹಜ ಬಣ್ಣ ಬೂದು.

ಬೆಂಗಳೂರಿನ ಒಂದು ಪ್ರದರ್ಶನದಲ್ಲಿ 1911ರ ರೂಪಾಯಿಯೊಂದು ಕಣ್ಣಿಗೆ ಬಿತ್ತು. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿ, ಮರುವರ್ಷವೇ ಚಿತ್ರ ತಿದ್ದಿದ ನಾಣ್ಯ ಅದು. ಹಾಗಾಗಿ ಬೇಡಿಕೆ ಹೆಚ್ಚು. ಮಾರುವವರು ಹೊಳಪನ್ನೇ ತೋರಿಸಿ ದೊಡ್ಡ ಬೆಲೆ ಹೇಳಿದರು. ಗೀರುಗಳು ಬಯಲಿನಿಂದ ಹೊರಟು ದೊರೆಯ ಕೆನ್ನೆಯನ್ನೂ ದಾಟಿದ್ದವು. ನಾನು ಕೈಮುಗಿದು ಮುಂದೆ ನಡೆದೆ.

ಹಾಗೆಂದು ಉಜ್ಜಿದ ನಾಣ್ಯ ಕಸವಲ್ಲ. ವಿಕ್ಟೋರಿಯಾ ಕಾಲದಿಂದ 1939ರವರೆಗಿನ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು, ಇಸವಿ ನೋಡದೆ ಲೆಕ್ಕ ಹಾಕಬೇಡಿ. ಉಜ್ಜಿದ ಸಾಮಾನ್ಯ ಇಸವಿಯ ನಾಣ್ಯಕ್ಕೆ ಆ ದಿನದ ಬೆಳ್ಳಿ ದರಕ್ಕಿಂತ ತುಸು ಹೆಚ್ಚು ಕೊಡಬಹುದು, ಅಷ್ಟೇ. ಅಪರೂಪದ್ದಾದರೂ ಉಜ್ಜದ ನಾಣ್ಯದ ಬೆಲೆ ತೆರಬೇಡಿ.

ಕಾಲಕ್ರಮದಲ್ಲಿ ಹತ್ತಿದ ಕಪ್ಪು, ಗಾಳಿಯಲ್ಲಿನ ಗಂಧಕ ಬೆಳ್ಳಿಯೊಡನೆ ಕೂಡಿ ಆದದ್ದು. ಸಮನಾಗಿ ಹರಡಿದ್ದರೆ ಅದನ್ನು ಬಯಸಿ ಕೊಳ್ಳುವವರಿದ್ದಾರೆ. ಆದ್ದರಿಂದ ಅಜ್ಜಿಯ ಪೆಟ್ಟಿಗೆಯಲ್ಲಿ ಕಪ್ಪಾದ ರೂಪಾಯಿಗಳು ಸಿಕ್ಕರೆ ಪೂಜೆಗೆ ಬೇಕಾದವನ್ನು ಬೇರೆ ಮಾಡಿಕೊಳ್ಳಿ. ಉಳಿದವನ್ನು ಅಂಚು ಹಿಡಿದೆತ್ತಿ, ತೊಳೆಯದೆ, ಬಲ್ಲವರಿಗೆ ತೋರಿಸಿ.