ಅಡಿಕೆಯ ಗೂಡಿಗೆ ಕಮಾನು ಬಗ್ಗಿಸುವ ಬಗೆ

ಅಂಗಳದಲ್ಲಿ ಹರವಿದ ಅಡಿಕೆಯು ಒಣಗಲು ಸುಮಾರು 40 ದಿನಗಳ ಬಿಸಿಲು ಬೇಕೆಂಬುದನ್ನು ಕಾಣಿಯೂರಿನ ಸೀಮೆಯವರೆಲ್ಲರೂ ಬಲ್ಲರು. ನಡುವೆ ಅಕಾಲದ ಮಳೆ ಬಿದ್ದರೆ ಬೂಷ್ಟು ಹಿಡಿದು ವರ್ಷದ ಆದಾಯವೇ ಕುಂದುವುದು. ಆದಕಾರಣ ಅನೇಕರು ಕಬ್ಬಿಣದ ಕೊಳವೆಯ ಕಮಾನುಗಳ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಗೂಡು ಕಟ್ಟುತ್ತಾರೆ.

ಇಲ್ಲಿ ನಾವು ಶಾಲೆಯಲ್ಲಿ ಬೇಸರದಿಂದ ಕಲಿತ ರೇಖಾಗಣಿತವು ಉಪಯೋಗಕ್ಕೆ ಬರುವುದು. ಗೂಡಿನ ಅಗಲವು 12 ಅಡಿಯಾದರೆ ತ್ರಿಜ್ಯವು 6 ಅಡಿ. ಅರ್ಧವೃತ್ತದ ಉದ್ದವು 18 ಅಡಿ 10 ಅಂಗುಲ. 20 ಅಡಿಯ ಕೊಳವೆಯಲ್ಲಿ ಒಂದೊಂದು ತುದಿಗೆ 7 ಅಂಗುಲ ಉಳಿಯುವುದು. ಅದನ್ನು ನೆಲದಲ್ಲಿ ಆಳವಾಗಿ ಹೂಳಿದ ದಪ್ಪ ಕೊಳವೆಯ ತುಂಡಿನೊಳಗೆ ಇಳಿಸತಕ್ಕದ್ದು.

ನಾವು ಮೊದಲು 6 ಅಡಿ ತ್ರಿಜ್ಯಕ್ಕೇ ಗೂಟಗಳನ್ನು ನೆಟ್ಟು ಕೊಳವೆಯನ್ನು ಬಗ್ಗಿಸಿದೆವು. ಕೈ ಬಿಟ್ಟೊಡನೆ ಅದು ತೆರೆದುಕೊಂಡಿತು! ಬಗ್ಗಿದ ಲೋಹವು ತುಸು ಹಿಂದಕ್ಕೆ ಸರಿಯುವುದು ಅದರ ಗುಣ. ಆದುದರಿಂದ ಗೂಟಗಳ ವೃತ್ತವು ಚಿಕ್ಕದಿರಬೇಕು. ಎಷ್ಟು ಚಿಕ್ಕದೆಂಬುದು ಕೊಳವೆಯ ದಪ್ಪಕ್ಕೆ ತಕ್ಕಂತೆ ಬೇರೆಯಾಗುವುದರಿಂದ ಒಂದನ್ನು ಬಗ್ಗಿಸಿ ನೋಡಿಯೇ ಗೊತ್ತುಮಾಡಬೇಕು. ಕೊಳವೆಯು ಚಪ್ಪಟೆಯಾಗದಂತೆ ಒಣ ಮರಳನ್ನು ತುಂಬಿ ಬಾಯಿಗಳಿಗೆ ಮರದ ಬೆಣೆ ಹೊಡೆಯತಕ್ಕದ್ದು. ಸತುವಿನ ಲೇಪವುಳ್ಳದ್ದನ್ನು ಬೆಂಕಿಯಲ್ಲಿ ಕಾಯಿಸಲೇ ಕೂಡದು. ಆ ಹೊಗೆಯು ದೇಹಕ್ಕೆ ಕೇಡು.

ಗೂಡಿನ ಎರಡೂ ಕೊನೆಗಳಲ್ಲಿ ಗಾಳಿಗೆ ಕಿಂಡಿ ಇರಲಿ. ಇಲ್ಲವಾದರೆ ಅಡಿಕೆಯಿಂದ ಹೊರಟ ತೇವವು ಹಾಳೆಯಲ್ಲಿ ಹನಿಗೂಡಿ ಪುನಃ ಅಡಿಕೆಯ ಮೇಲೆಯೇ ಬೀಳುವುದು.