ಅನ್ನದಾನದ ಒಲೆಗೆ ಸೂರ್ಯನಾರಾಯಣನ ಬಿಸಿಲು

ಯಾವ ಕ್ಷೇತ್ರಕ್ಕೆ ಹೋದರೂ ದರ್ಶನ ಮುಗಿದ ಮೇಲೆ ಭಕ್ತಾದಿಗಳ ಕಾಲು ತಾನಾಗಿ ತಿರುಗುವುದು ಪ್ರಸಾದ ನಿಲಯದ ಕಡೆಗೆ. ಎಲೆಯ ಮೇಲೆ ಬಿಸಿ ಅನ್ನ, ಸಾರು ಬಿದ್ದಾಗ ಇದು ಯಾವ ಉರಿಯಲ್ಲಿ ಬೆಂದಿತು ಅಂತ ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಅದು. ಗರ್ಭಗುಡಿಯ ನಂದಾದೀಪಕ್ಕೆ ಬೇಕಾಗುವ ಎಣ್ಣೆ ಎಷ್ಟು ಮಹಾ? ದೊಡ್ಡ ಕ್ಷೇತ್ರಗಳಲ್ಲಿ ಇಂಧನವನ್ನು ನುಂಗುವುದು ದಾಸೋಹದ ಒಲೆ.

ಹಿಂದಿನ ಕಾಲದಲ್ಲಿ ಈ ಒಲೆಗೆ ಬೆಟ್ಟದ ಕಾಡೇ ಸೌದೆ. ಆಮೇಲೆ ಡೀಸೆಲ್ ಬಂತು, ಗ್ಯಾಸ್ ಬಂತು. ಕಾಡಿಗೆ ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು, ನಿಜ. ಆದರೆ ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅದು ಕಂಬಳಿ ಹೊದಿಸಿದಂತೆ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹೊರಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಹಾಗಾಗಿ ಬಂದರೆ ಮಳೆ ಒಮ್ಮೆಲೇ ಸುರಿಯುತ್ತದೆ. 2021ರ ನವೆಂಬರ್‌ನ ಮಳೆಗೆ ತಿರುಮಲದ ಶ್ರೀವಾರಿಮೆಟ್ಟು ಕಾಲ್ದಾರಿ ಹಾಳಾಗಿ ತಿಂಗಳುಗಟ್ಟಲೆ ಮುಚ್ಚಿತ್ತು. ಡಿಸೆಂಬರ್ ಮೊದಲಲ್ಲಿ ಘಾಟಿ ರಸ್ತೆಯ ಮೇಲೆ ಬಂಡೆಗಳು ಉರುಳಿದವು. ಒಂದು ಮಳೆಯನ್ನು ತೋರಿಸಿ ಇದು ಇಂಥ ಹೊಗೆಯಿಂದಲೇ ಬಂತು ಅನ್ನುವ ಹಾಗಿಲ್ಲ. ಆದರೂ ಬೆಟ್ಟದ ದೇವರ ದಾರಿಗೂ ಹವಾಮಾನಕ್ಕೂ ಸಂಬಂಧವಿಲ್ಲ ಅನ್ನುವ ಕಾಲ ಹೋಯಿತು.

ತಿರುಮಲದ ಮಾಳಿಗೆಯ ಮೇಲೆ

ತಿರುಮಲದಲ್ಲಿ ನಿತ್ಯ ಅನ್ನದಾನ ಯೋಜನೆ ಆರಂಭವಾದದ್ದು 1985ರಲ್ಲಿ. 2002ರಲ್ಲಿ ಅಲ್ಲಿನ ಅಡುಗೆಮನೆಯ ಮಾಳಿಗೆಯ ಮೇಲೆ 106 ದೊಡ್ಡ ಕನ್ನಡಿ ಡಿಶ್‌ಗಳನ್ನು ಕೂರಿಸಲಾಯಿತು. ಒಂದೊಂದರ ವಿಸ್ತಾರ ಒಂಬತ್ತು ಚದರ ಮೀಟರಿಗೂ ಹೆಚ್ಚು. ಒಳ್ಳೆ ಬಿಸಿಲಿದ್ದ ದಿನ ಇವೆಲ್ಲ ಸೇರಿ ಸುಮಾರು 4,000 ಕಿಲೋ ಹಬೆ ಕೊಡುವಂತೆ, ಅದರಿಂದ 15,000 ಜನರಿಗೆ ಅಡುಗೆಯಾಗುವಂತೆ ಲೆಕ್ಕ ಹಾಕಿ ಕಟ್ಟಿದ್ದರು. ವರ್ಷಕ್ಕೆ ಉಳಿಯಬೇಕಾದ ಡೀಸೆಲ್ ಸುಮಾರು 1 ಲಕ್ಷದ 18 ಸಾವಿರ ಲೀಟರ್. ಆಗಿನ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಬಿಸಿಲು ಅಡುಗೆ ವ್ಯವಸ್ಥೆಗಳ ಸಾಲಿಗೆ ಸೇರಿದ ಕೆಲಸ ಅದು.

ಬಿಸಿಲಿನಲ್ಲಿ ಅನ್ನ ಬೇಯುವುದು ಹೇಗೆ? ಮಕ್ಕಳು ಭೂತಗನ್ನಡಿ ಹಿಡಿದು ಕಾಗದ ಸುಡುವುದನ್ನು ಎಲ್ಲರೂ ನೋಡಿದ್ದಾರೆ. ಇಲ್ಲಿಯ ತತ್ವವೂ ಅದೇ. ಬಾಗಿದ ಡಿಶ್‌ನ ಮೇಲೆ ಬಿದ್ದ ಬಿಸಿಲು ಪ್ರತಿಫಲಿಸಿ ಒಂದೇ ಜಾಗಕ್ಕೆ ಹೋಗಿ ಸೇರುತ್ತದೆ. ಆ ಜಾಗದಲ್ಲಿ ನೀರು ತುಂಬಿದ ಕಬ್ಬಿಣದ ಪಾತ್ರೆ. ನೀರು ಕುದಿದು ಹಬೆಯಾಗಿ, ಮೇಲಿನ ಕೊಳವೆಗೆ ಏರಿ, ಅಲ್ಲಿಂದ ಅಡುಗೆಮನೆಯ ಕೊಪ್ಪರಿಗೆಗಳಿಗೆ ಇಳಿಯುತ್ತದೆ. ಒತ್ತಡದಲ್ಲಿರುವ ಈ ಹಬೆಯ ಬಿಸಿ 180 ಡಿಗ್ರಿ. ಅಕ್ಕಿ ಬೇಯಲು ಇದು ಧಾರಾಳ ಸಾಕು, ತಳ ಹತ್ತುವ ಭಯವೂ ಇಲ್ಲ.

ಸೂರ್ಯ ಒಂದು ಕಡೆ ನಿಲ್ಲುವವನಲ್ಲವಲ್ಲ, ಅಲ್ಲೇ ಜಾಣತನ ಬೇಕಾದದ್ದು. ಡಿಶ್ ಸೂರ್ಯನ ಹಿಂದೆ ತಿರುಗಬೇಕು, ಆದರೆ ಬಿಸಿಲು ಸೇರುವ ಜಾಗ ಅಲುಗಬಾರದು. ಅದು ಅಲುಗಿದರೆ ಪಾತ್ರೆ, ಕೊಳವೆ ಎಲ್ಲವನ್ನೂ ಜೊತೆಗೆ ತಿರುಗಿಸಬೇಕಾಗುತ್ತದೆ. ಇದಕ್ಕೆ ದಾರಿ ಕಂಡವರು ವೋಲ್ಫ್‌ಗಾಂಗ್ ಷೆಫ್ಲರ್ ಎಂಬ ಭೌತಶಾಸ್ತ್ರಜ್ಞರು. ಅವರು ಇಂಥ ಮೊದಲ ಡಿಶ್ ಕಟ್ಟಿದ್ದು 1986ರಲ್ಲಿ, ಉತ್ತರ ಕೆನ್ಯಾದ ಒಂದು ಕ್ರೈಸ್ತ ಮಿಷನ್ನಿನಲ್ಲಿ. ಭೂಮಿಯ ಅಚ್ಚಿಗೆ ಸಮಾನಾಂತರವಾದ ಅಚ್ಚಿನ ಮೇಲೆ, ಭೂಮಿ ತಿರುಗುವಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ತಿರುಗುವ ಡಿಶ್ ಅದು. ಉತ್ತರಾಯಣ, ದಕ್ಷಿಣಾಯನದಲ್ಲಿ ಸೂರ್ಯ ಸರಿದಂತೆ ಕೆಲವು ದಿನಕ್ಕೊಮ್ಮೆ ಅದರ ಓರೆಯನ್ನೂ ಬಾಗನ್ನೂ ಕೈಯಿಂದ ಸರಿಪಡಿಸಬೇಕು. ಪಂಚಾಂಗ ನೋಡುವವರಿಗೆ ಇದು ಬೇಗ ಅರ್ಥವಾಗುವ ಯಂತ್ರ.

ಕೆನ್ಯಾದಿಂದ ತಿರುಮಲಕ್ಕೆ ಈ ಡಿಶ್ ನೇರವಾಗಿ ಬರಲಿಲ್ಲ. ನಡುವೆ ಅರಾವಳಿಯ ಅಬು ಬೆಟ್ಟವಿದೆ. 1990ರ ದಶಕದಲ್ಲಿ ಬ್ರಹ್ಮಾಕುಮಾರಿ ಸಂಸ್ಥೆಯವರು ಅಲ್ಲಿ ಇದನ್ನು ಹಬೆ ಅಡುಗೆಗೆ ಹೊಂದಿಸಿದರು. ಬೆಟ್ಟದ ಬುಡದ ಶಾಂತಿವನದಲ್ಲಿ 84 ಡಿಶ್‌ಗಳ ಅಡುಗೆಮನೆಯನ್ನೇ ಕಟ್ಟಿದರು. ಆಮೇಲೆ ಅಬು ರೋಡಿನಲ್ಲಿ 770 ಡಿಶ್‌ಗಳ ವಿದ್ಯುತ್ ಸ್ಥಾವರಕ್ಕೂ ಕೈಹಾಕಿದರು. ಅದರಲ್ಲಿ ಹಗಲಿನ ಶಾಖವನ್ನು ಕಬ್ಬಿಣದ ಗುಂಡುಗಳಲ್ಲಿ ಹಿಡಿದಿಟ್ಟು ರಾತ್ರಿಗೆ ಬಳಸುವ ಏರ್ಪಾಡಿದೆ. ಶಿರಡಿಯಲ್ಲಿ 2009ರ ಜುಲೈಯಲ್ಲಿ 73 ಡಿಶ್‌ಗಳು ಶುರುವಾದವು.

ಇದು ಹಿಂದೂ ಕ್ಷೇತ್ರಗಳ ಮಾತು ಮಾತ್ರ ಅಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಭೂಮಿಯ ರಕ್ಷಣೆಯ ಬಗ್ಗೆಯೇ ಒಂದು ದೊಡ್ಡ ಪತ್ರ ಹೊರಡಿಸಿದರು. ಇಂಗ್ಲೆಂಡಿನ ಚರ್ಚಿನ ಮಹಾಸಭೆ 2030ರೊಳಗೆ ತನ್ನ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರಬೇಕೆಂದು 2020ರಲ್ಲಿ ನಿರ್ಣಯ ಮಾಡಿತು. ಅಲ್ಲಿ ಚಳಿ ದೇಶ, ಪ್ರಾರ್ಥನಾ ಮಂದಿರವನ್ನು ಬೆಚ್ಚಗಿಡುವುದೇ ದೊಡ್ಡ ಖರ್ಚು. ಇಲ್ಲಿ ಊಟ.

ಬಿಸಿಲಿಗೆ ಆಗದ ಕೆಲಸ

ಮೋಡ ಕವಿದರೆ ಏನು ಗತಿ? ದೇವರ ಪ್ರಸಾದ ಇವತ್ತಿಲ್ಲ ಅನ್ನುವಂತಿಲ್ಲ. ಅದಕ್ಕಾಗಿಯೇ ಹಳೆಯ ಬಾಯ್ಲರನ್ನು ಕಿತ್ತು ಹಾಕದೆ ಜೊತೆಗೆ ಇಟ್ಟುಕೊಳ್ಳುತ್ತಾರೆ. ಬಿಸಿಲು ಕೊಟ್ಟಷ್ಟು ಹಬೆ ಬಿಸಿಲಿನದು, ಮಿಕ್ಕದ್ದು ಬಾಯ್ಲರಿನದು. ಇನ್ನೊಂದು ಮಿತಿಯೂ ಉಂಟು. ಹಬೆ ಬೇಯಿಸುತ್ತದೆ, ಕರಿಯುವುದಿಲ್ಲ. ಅನ್ನ, ಹುಳಿ, ಪಲ್ಯಕ್ಕೆ ಸರಿ. ಲಾಡಿನ ಬೂಂದಿಯನ್ನು ತುಪ್ಪದಲ್ಲಿ ಕರಿಯಬೇಕಾದರೆ ಉರಿಯೇ ಬೇಕು.

ಇವೆರಡಕ್ಕಿಂತ ಕಷ್ಟದ್ದು ನಿರ್ವಹಣೆ. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಫಲಕ ಹಾಕುತ್ತಾರೆ. ಮಾರನೇ ದಿನದಿಂದ ಕನ್ನಡಿ ಒರೆಸುವವರು ಬೇಕು. ಧೂಳು ಕೂತ ಕನ್ನಡಿ ಬಿಸಿಲು ಹಾಯಿಸುವುದಿಲ್ಲ. ಒಡೆದ ಗಾಜು ಬದಲಿಸದಿದ್ದರೆ, ಸೋರುವ ಕೊಳವೆ ಕಟ್ಟದಿದ್ದರೆ, ಸರಪಣಿಗೆ ಎಣ್ಣೆ ಬಿಡದಿದ್ದರೆ ಹಬೆ ಕಡಿಮೆಯಾಗುತ್ತಾ ಬರುತ್ತದೆ. ಆಗ ಬಾಯ್ಲರ್ ಸದ್ದಿಲ್ಲದೆ ಹೆಚ್ಚು ಡೀಸೆಲ್ ಕುಡಿಯುತ್ತದೆ, ಊಟಕ್ಕೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ಇಂಥ ವ್ಯವಸ್ಥೆ ನೋಡಲು ಹೋದವರು ಎಷ್ಟು ಡಿಶ್ ಇದೆ ಅಂತ ಕೇಳುವುದಕ್ಕಿಂತ, ಇವತ್ತು ಎಷ್ಟು ತಿರುಗುತ್ತಿವೆ ಅಂತ ಕೇಳುವುದು ಮೇಲು. ಗರ್ಭಗುಡಿಯ ದೀಪ ಆರಬಾರದು ಅಂತ ಒಬ್ಬರನ್ನು ನೇಮಿಸುತ್ತಾರಲ್ಲ, ಹಾಗೆಯೇ ಮಾಳಿಗೆಯ ಕನ್ನಡಿಗೂ ಒಬ್ಬರು ಬೇಕು. ಅದೂ ಕೈಂಕರ್ಯವೇ.

ಯಾತ್ರಿಕರ ಲೆಕ್ಕ

ತಿರುಮಲದ ಯೋಜನೆಯ ಅಂಕಿಗಳನ್ನೇ ಹಿಡಿದು ಭಾಗಿಸಿ ನೋಡಿದರೆ, ಒಬ್ಬ ಭಕ್ತರ ಊಟಕ್ಕೆ ಬಿಸಿಲಿನಿಂದ ಉಳಿಯುವ ಡೀಸೆಲ್ ಸುಮಾರು 20 ಮಿಲಿ ಲೀಟರ್. ನಾಲ್ಕು ಚಮಚದಷ್ಟು. ಬೆಂಗಳೂರಿನಿಂದ ತಿರುಪತಿ ಸುಮಾರು 250 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ಹೋಗಿ ಬರಲು 33 ಲೀಟರ್ ಕುಡಿಯುತ್ತದೆ. ಅಂದರೆ ಒಂದು ಕಾರಿನ ಒಂದು ಯಾತ್ರೆಗೆ ಸುಟ್ಟ ಇಂಧನ, ಬಿಸಿಲಿನಲ್ಲಿ 1,600 ಜನರಿಗೆ ಅಡುಗೆ ಮಾಡಿ ಉಳಿಸಿದ್ದಕ್ಕೆ ಸಮ! ಕಾರಿನಲ್ಲಿ ಒಬ್ಬರೇ ಇದ್ದರೂ ಅಷ್ಟೇ, ಐವರಿದ್ದರೂ ಹೆಚ್ಚುಕಡಿಮೆ ಅಷ್ಟೇ. ದೇವಸ್ಥಾನದವರು ಮಾಳಿಗೆಯ ಮೇಲೆ ಕಷ್ಟಪಟ್ಟು ಉಳಿಸಿದ್ದು ವಾಹನ ನಿಲ್ದಾಣದಲ್ಲಿ ಹೊಗೆಯಾಗಿ ಹೋದರೆ ಯಾರಿಗೇನು ಲಾಭ?

ರೈಲಿನಲ್ಲೋ ಬಸ್ಸಿನಲ್ಲೋ ಹೋದರೆ ತಲೆಗೆ ಬೀಳುವ ಇಂಧನದ ಪಾಲು ಬಹಳ ಇಳಿಯುತ್ತದೆ. ಎಲೆಯಲ್ಲಿ ಅನ್ನ ಬಿಡದೆ ಏಳುವುದೂ ಉಳಿತಾಯವೇ, ಬೇಕಾದಷ್ಟೇ ಬಡಿಸಿ ಅಂದರಾಯಿತು. ತಿರುಪತಿಯಿಂದ ಬೆಟ್ಟಕ್ಕೆ 2022ರಲ್ಲಿ ವಿದ್ಯುತ್ ಬಸ್ಸುಗಳ ಓಡಾಟ ಶುರುವಾಗಿದೆ. ಕಾಲಿನಲ್ಲಿ ಶಕ್ತಿಯಿದ್ದವರಿಗೆ ಅಲಿಪಿರಿಯ 3,550 ಮೆಟ್ಟಿಲು ಇದ್ದೇ ಇದೆ. ಸುಮಾರು 9 ಕಿಲೋಮೀಟರಿನ ಈ ದಾರಿಯನ್ನು ಬೆಳಗಿನ ಜಾವ ಹಿಡಿದರೆ ಬಿಸಿಲು ಏರುವ ಮೊದಲು ಬಹುಪಾಲು ಮುಗಿಯುತ್ತದೆ. ಹೊರೆ ಹೊತ್ತು ಹತ್ತಬೇಕಾಗಿಲ್ಲ. ಸಾಮಾನನ್ನು ಕೆಳಗೇ ಒಪ್ಪಿಸಿ ಚೀಟಿ ಪಡೆದರೆ ಮೇಲೆ ಹಣ ಕೊಡದೆ ವಾಪಸು ತೆಗೆದುಕೊಳ್ಳಬಹುದು.