ಪುಣ್ಯಾತ್ಮರನ್ನು ಹುಡುಕುವ ಮುಂಚೆ

"ಯಾರಾದ್ರೂ ಪುಣ್ಯಾತ್ಮರು ಇದ್ರೆ ಹೇಳಿ ಮೇಡಂ. ದುಡ್ಡು ಕೊಡೋ ಟ್ರಸ್ಟುಗಳು ಇರ್ತಾವಂತಲ್ಲ?"

ಕಳಸದ ಸುತ್ತ ಯಾವುದೇ ಮನೆಗೆ ಕ್ಯಾನ್ಸರ್ ಎಂಬ ರಿಪೋರ್ಟು ಬಂದರೆ ಎರಡು ಮೂರು ದಿನದಲ್ಲಿ ಈ ಪ್ರಶ್ನೆ ನನ್ನ ಬಳಿ ಬರುತ್ತದೆ. ಸಂಸೆ ಕಡೆಯ ಲೈನ್ ಮನೆಯವರೂ ಹೀಗೇ ಕೇಳುತ್ತಾರೆ, ಹಿರೇಬೈಲಿನಲ್ಲಿ ಎರಡೆಕರೆ ಕಾಫಿ, ಒಂದಿಷ್ಟು ಅಡಿಕೆ ಇಟ್ಟುಕೊಂಡವರೂ ಹೀಗೇ ಕೇಳುತ್ತಾರೆ. ಕೇಳುವಾಗ ತಲೆ ತಗ್ಗಿರುತ್ತದೆ. ನನಗೆ ಸಂಕಟವಾಗುವುದು ಆ ತಗ್ಗಿದ ತಲೆ ನೋಡಿ. ಅವರು ಬೇಡುತ್ತಿರುವುದರಲ್ಲಿ ಬಹುಪಾಲು ಅವರಿಗೆ ಹಕ್ಕಾಗಿಯೇ ಸಿಗಬೇಕಾದದ್ದು.

ಪುಣ್ಯಾತ್ಮರು ಇಲ್ಲವೆಂದಲ್ಲ. ಬೆಂಗಳೂರಿನ ಶಂಕರಪುರದಲ್ಲಿ, ಶಂಕರಮಠದ ಆವರಣದಲ್ಲೇ, ಶ್ರೀ ಶಂಕರ ಕ್ಯಾನ್ಸರ್ ಫೌಂಡೇಶನ್ ನಡೆಸುವ ಆಸ್ಪತ್ರೆಯಿದೆ. ಶೃಂಗೇರಿಯ ನೆರೆಯವರಾದ ನಮಗೆ ಆ ಹೆಸರು ಕೇಳಿದರೇ ಒಂದು ಸಲುಗೆ. ಮಾರತ್ತಹಳ್ಳಿಯಿಂದ ವರ್ತೂರಿನ ಕಡೆ ಹೋದರೆ ಕರುಣಾಶ್ರಯ ಸಿಗುತ್ತದೆ. ಭಾರತೀಯ ಕ್ಯಾನ್ಸರ್ ಸೊಸೈಟಿಯ ಬೆಂಗಳೂರಿನವರೂ ಇಂದಿರಾನಗರದ ರೋಟರಿಯವರೂ ಸೇರಿ 1994ರಲ್ಲಿ ಕಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1999ರಿಂದ ಅದನ್ನು ನಡೆಸಿಕೊಂಡು ಬಂದಿದೆ. ಚಿಕಿತ್ಸೆಯಿಂದ ಇನ್ನು ವಾಸಿಯಾಗದು ಎಂದು ವೈದ್ಯರು ಹೇಳಿದ ರೋಗಿಗಳನ್ನು ಜಾತಿ, ಧರ್ಮ, ಅಂತಸ್ತು ಕೇಳದೆ, ಒಂದು ಪೈಸೆ ಪಡೆಯದೆ ನೋಡಿಕೊಳ್ಳುವ ಮನೆ ಅದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಆವರಣದಲ್ಲಿ ರೋಗಿಯ ಜೊತೆ ಬಂದವರು ತಂಗಲು ಧರ್ಮಶಾಲೆಯಿದೆ. ಇನ್ಫೋಸಿಸ್ ಫೌಂಡೇಶನ್ ಕಟ್ಟಿಸಿಕೊಟ್ಟದ್ದು. ಆದರೆ ಇಂಥ ಸಂಸ್ಥೆಗಳ ಹಣಕ್ಕೂ ಒಂದು ತಳ ಇದೆ. ಸರ್ಕಾರ ಕೊಡಬೇಕಾದ ಆಪರೇಷನ್ ಖರ್ಚನ್ನೇ ದಾನಿಗಳ ಮೇಲೆ ಹಾಕಿದರೆ, ಸರ್ಕಾರ ಕೊಡದೇ ಇರುವ ಊಟ, ವಸತಿ, ತಪ್ಪಿದ ಕೂಲಿಗೆ ಆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ನಾನು ಹೇಳುವುದು: ಹಕ್ಕಿನದು ಮೊದಲು ಕೇಳಿ, ದಾನ ಆಮೇಲೆ.

ಮೊದಲ ಕಾಗದ: ರೆಫರಲ್ ಚೀಟಿ

ಕಳಸದಲ್ಲಿ ಕ್ಯಾನ್ಸರ್ ಚಿಕಿತ್ಸೆ ಇಲ್ಲ. ಕುದುರೆಮುಖದ ಮೇಲೆ ಇಳಿದು ಮಂಗಳೂರು, ಮಣಿಪಾಲಕ್ಕೆ ಹೋಗಬೇಕು. ಇಲ್ಲವೇ ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಬೆಂಗಳೂರಿನ ಬಸ್ಸು ಹಿಡಿಯಬೇಕು. ನಮ್ಮವರು ಮಾಡುವ ದೊಡ್ಡ ತಪ್ಪು ಈ ಬಸ್ಸು ಹತ್ತುವ ಗಡಿಬಿಡಿಯಲ್ಲೇ ಆಗುತ್ತದೆ. ಕೈಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೂ ನೇರ ಖಾಸಗಿ ಆಸ್ಪತ್ರೆಗೆ ಹೋಗಿ, ಒಡವೆ ಅಡವಿಟ್ಟ ದುಡ್ಡನ್ನು ಮುಂಗಡ ಕಟ್ಟಿ ಅಡ್ಮಿಟ್ ಮಾಡಿಸುತ್ತಾರೆ. ಕಾರ್ಡಿನ ಮಾತು ಬರುವುದು ವಾರ ಕಳೆದ ಮೇಲೆ.

2018ರಲ್ಲಿ ರಾಜ್ಯದ 'ಆರೋಗ್ಯ ಕರ್ನಾಟಕ' ಮತ್ತು ಕೇಂದ್ರದ 'ಆಯುಷ್ಮಾನ್ ಭಾರತ್' ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಈ ಯೋಜನೆಯಲ್ಲಿ ಪೂರ್ಣ ಉಚಿತ. ಶಸ್ತ್ರಚಿಕಿತ್ಸೆ, ಕೀಮೋ, ನಮ್ಮ ಕಡೆ 'ಕರೆಂಟು ಕೊಡೋದು' ಎನ್ನುವ ರೇಡಿಯೇಷನ್, ಇವಕ್ಕೆಲ್ಲ ಪ್ಯಾಕೇಜುಗಳಿವೆ. ಪ್ಯಾಕೇಜಿನೊಳಗೆ ಬರುವ ಔಷಧಿಗೆ, ಪರೀಕ್ಷೆಗೆ ಬೇರೆ ದುಡ್ಡು ಕೇಳುವಂತಿಲ್ಲ. ಆದರೆ ಇಡೀ ಯೋಜನೆ ನಡೆಯುವುದು ಪೂರ್ವಾನುಮತಿಯ ಮೇಲೆ. ತುರ್ತು ಸಂದರ್ಭ ಬಿಟ್ಟರೆ, ನೋಂದಾಯಿತ ಖಾಸಗಿ ಅಥವಾ ಟ್ರಸ್ಟ್ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚಿಕಿತ್ಸೆ ಮುಗಿಸಿ, ಬಿಲ್ಲು ತಂದು, ಹಣ ವಾಪಸ್ ಕೊಡಿ ಎನ್ನುವ ದಾರಿ ಇದರಲ್ಲಿಲ್ಲ. ಹಾಗಾಗಿ ರಿಪೋರ್ಟು ಕೈಗೆ ಬಂದ ದಿನವೇ ಕಳಸದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ. ಅಲ್ಲಿಂದ ಮೂಡಿಗೆರೆಗೋ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಗೋ ಕಳಿಸಬಹುದು. ಒಂದು ದಿನ ಹೋದರೆ ಹೋಗಲಿ, ಚೀಟಿ ಇಲ್ಲದೆ ಘಾಟಿ ಇಳಿಯಬೇಡಿ. 1973ರಿಂದ ಇರುವ ಕಿದ್ವಾಯಿ ಸರ್ಕಾರದ್ದೇ ಸಂಸ್ಥೆ. ಅಲ್ಲಿಗೆ ನೇರ ಹೋಗಿ ತೋರಿಸಬಹುದು. ಎಲ್ಲೇ ಹೋದರೂ ಬಾಗಿಲಲ್ಲಿ ಮೊದಲು ವಿಚಾರಿಸಬೇಕಾದ್ದು ಈ ಯೋಜನೆಯ ನೆರವಿಗೆಂದೇ ಇರುವ ಆರೋಗ್ಯಮಿತ್ರರನ್ನು. ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಯಾರಾದರೂ ಅಡ್ಡಿ ಮಾಡಿದರೆ ಅಲ್ಲಿಂದಲೇ 104ಕ್ಕೆ ಅಥವಾ 14555ಕ್ಕೆ ಕರೆ ಮಾಡಿ.

ಎಪಿಎಲ್ ಕಾರ್ಡಿನವರ ಕಷ್ಟ ಬೇರೆ ಥರದ್ದು, ಮತ್ತು ನನ್ನ ಮಟ್ಟಿಗೆ ಅದು ಹೆಚ್ಚು ನೋವಿನದು. ಅವರಿಗೆ ಯೋಜನೆ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಪ್ಯಾಕೇಜಿದ್ದರೆ 70 ಸಾವಿರ ಮನೆಯವರೇ ಹೊಂದಿಸಬೇಕು. ಎರಡೆಕರೆ ತೋಟ, ಕೊಳೆರೋಗಕ್ಕೆ ಉದುರಿದ ಅಡಿಕೆ, ಸೊಸೈಟಿ ಸಾಲ ಇಟ್ಟುಕೊಂಡವರು ಕಾಗದದ ಮೇಲೆ ಬಡವರಲ್ಲ. ದತ್ತಿ ಸಂಸ್ಥೆಯ ಬಾಗಿಲು ತಟ್ಟಬೇಕಾದ್ದು ಇಂಥ ಕಡೆ. ತಟ್ಟುವಾಗ ಯೋಜನೆಯಿಂದ ಎಷ್ಟು ಬಂತು, ಇನ್ನೆಷ್ಟು ಬಾಕಿ ಎಂದು ಆಸ್ಪತ್ರೆಯ ಅಂದಾಜು ಪಟ್ಟಿ ಸಮೇತ ಬರೆದುಕೊಡಿ. ಕೊಡುವವರಿಗೆ ಲೆಕ್ಕ ಸ್ಪಷ್ಟವಾದಷ್ಟೂ ಕೆಲಸ ಬೇಗ. ಕಿದ್ವಾಯಿಯಂಥ ಪ್ರಾದೇಶಿಕ ಕೇಂದ್ರಗಳ ಬಡ ರೋಗಿಗಳಿಗಾಗಿ ಕೇಂದ್ರ ಸರ್ಕಾರ 2009ರಲ್ಲಿ ರೂಪಿಸಿದ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿ ಇದೆ, ಮುಖ್ಯಮಂತ್ರಿಗಳ ಪರಿಹಾರ ನಿಧಿಯೂ ಇದೆ. ಆದಾಯ ಪ್ರಮಾಣ ಪತ್ರವನ್ನು ಮುಂಚೆಯೇ ನಾಡಕಚೇರಿಯಲ್ಲೋ ಗ್ರಾಮ ಒನ್‌ನಲ್ಲೋ ಅರ್ಜಿ ಹಾಕಿ ಮಾಡಿಸಿಟ್ಟುಕೊಳ್ಳಿ. ಸಕಾಲ ಕಾಯ್ದೆಯಡಿ ಅದನ್ನು ನಿಗದಿತ ದಿನದೊಳಗೆ ಕೊಡಲೇಬೇಕು.

ತೋಟದ ಕೆಲಸದವರಿಗೆ ಇನ್ನೊಂದು ಮಾತು. ನಿಗದಿತ ಪ್ರಮಾಣಕ್ಕಿಂತ ದೊಡ್ಡ ತೋಟಗಳಲ್ಲಿ ಕಾರ್ಮಿಕರಿಗೆ, ಅವರ ಮನೆಯವರಿಗೆ ವೈದ್ಯಕೀಯ ಸೌಲಭ್ಯ ಕೊಡುವುದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ ಕಾಲದಿಂದ ಮಾಲೀಕರ ಹೊಣೆ. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಕಾರ್ಮಿಕ ಸಂಹಿತೆ ಬಂದಿದೆ, ಹೊಣೆ ಮಾತ್ರ ಹಾಗೇ ಇದೆ. ರೈಟರ್ ಬಳಿ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ, ಒಂದು ಅರ್ಜಿ ಬರೆದು ಕೊಟ್ಟು ನಕಲು ಇಟ್ಟುಕೊಳ್ಳಿ. ಅಸ್ಸಾಮಿನಿಂದ ಬಂದು ಇಲ್ಲಿ ಕಾಫಿ ಕುಯ್ಯುವವರ ಹತ್ತಿರ ಅವರ ರಾಜ್ಯದ ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಇಲ್ಲಿಯ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯುತ್ತದೆ.

ಪ್ರಯಾಣದ್ದೂ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ರಾಜ್ಯದ ಹೆಂಗಸರಿಗೆ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಕಡೂರಿನಿಂದಲೋ ಮಂಗಳೂರಿನಿಂದಲೋ ರೈಲು ಹಿಡಿಯುವವರು ಆಸ್ಪತ್ರೆಯಲ್ಲಿ ರೈಲ್ವೆ ರಿಯಾಯಿತಿ ಫಾರಂ ಕೇಳಿ ಪಡೆಯಬೇಕು. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ವಿನಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು ವಿನಾಯಿತಿ ಇದೆ.

ಧರ್ಮಾಸ್ಪತ್ರೆಯಲ್ಲೂ ಹಕ್ಕು ಇದೆ

ಟ್ರಸ್ಟ್ ಆಸ್ಪತ್ರೆಯಲ್ಲಿ ಕಡಿಮೆ ದುಡ್ಡಿಗೆ ನೋಡಿದರು, ಇನ್ನು ಪ್ರಶ್ನೆ ಕೇಳಿದರೆ ಕೃತಘ್ನತೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಒಳ್ಳೆಯ ಸಂಸ್ಥೆಗಳು ಹಾಗೆ ಭಾವಿಸುವುದಿಲ್ಲ, ಕಾನೂನೂ ಭಾವಿಸುವುದಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರ ತಿದ್ದುಪಡಿ ಅದಕ್ಕೆ ರೋಗಿಗಳ ಹಕ್ಕುಪತ್ರವನ್ನು ಸೇರಿಸಿತು. ದತ್ತಿ ಆಸ್ಪತ್ರೆಯೂ ಈ ಕಾಯ್ದೆಯೊಳಗೇ ಬರುತ್ತದೆ. ಏನು ಕಾಯಿಲೆ, ಯಾವ ಚಿಕಿತ್ಸೆ, ಅದರ ಅಪಾಯವೇನು, ಬೇರೆ ದಾರಿ ಇದೆಯೇ ಎಂಬುದನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಿದ ಮೇಲೆ ಪಡೆದ ಒಪ್ಪಿಗೆ ಮಾತ್ರ ಒಪ್ಪಿಗೆ. ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ವಿವರವಾಗಿ ಹೇಳಿದೆ. ಇಂಗ್ಲಿಷಿನ ಫಾರಂ ಮುಂದಿಟ್ಟು ಸಹಿ ಹಾಕಿ ಎಂದರೆ "ಕನ್ನಡದಲ್ಲಿ ಓದಿ ಹೇಳಿ" ಎನ್ನಲು ಸಂಕೋಚ ಬೇಡ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಈ ದಾಖಲೆಗಳೇ ಆಧಾರ. ರೋಗಿ ತೀರಿಕೊಂಡರೆ ಬಾಕಿ ಹಣದ ನೆಪದಲ್ಲಿ ದೇಹವನ್ನು ಇಟ್ಟುಕೊಳ್ಳುವಂತಿಲ್ಲ.

ದೂರು ಎಲ್ಲಿಗೆ? ಈ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ಆಸ್ಪತ್ರೆ ಮಂಗಳೂರಿನದಾದರೆ ದೂರು ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗೆ ಹೋಗಬೇಕು, ಚಿಕ್ಕಮಗಳೂರಿಗಲ್ಲ. ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಇದಕ್ಕೆ ತಿರುಗಾಮುರುಗಾ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಬೆಂಗಳೂರಿನ ಆಸ್ಪತ್ರೆಯ ಮೇಲಿನ ದೂರನ್ನೂ ಚಿಕ್ಕಮಗಳೂರಿನ ಜಿಲ್ಲಾ ಆಯೋಗ ಕೇಳುತ್ತದೆ. ಎರಡು ವರ್ಷದೊಳಗೆ ಹಾಕಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಉಚಿತ ಚಿಕಿತ್ಸೆ ಪಡೆದವನು ಗ್ರಾಹಕ ಹೇಗಾದಾನು ಎಂಬ ಪ್ರಶ್ನೆ ಸಹಜ. 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಸೊಗಸಾದ ಉತ್ತರ ಕೊಟ್ಟಿತು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಉಚಿತ ಹಾಸಿಗೆಯಲ್ಲಿ ಮಲಗಿದವರೂ ಗ್ರಾಹಕರೇ. ಎಲ್ಲರಿಗೂ ಯಾವಾಗಲೂ ಪೂರ್ತಿ ಉಚಿತವಾದ ಸಂಸ್ಥೆ ಮಾತ್ರ ಗ್ರಾಹಕ ಕಾಯ್ದೆಯಿಂದ ಹೊರಗೆ. ಅಲ್ಲಿಯೂ ವೈದ್ಯರ ನಿರ್ಲಕ್ಷ್ಯವಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು, ಸಿವಿಲ್ ನ್ಯಾಯಾಲಯ ಇದ್ದೇ ಇವೆ.

ಫೋಟೋ ವಿಷಯ ನನ್ನನ್ನು ಬಹಳ ಕಾಡಿದೆ. ಕೂದಲು ಉದುರಿದ ಮಗುವಿನ ಮುಖವನ್ನು ಮೊಬೈಲಿನಿಂದ ಮೊಬೈಲಿಗೆ ಕಳಿಸಿ ಹಣ ಎತ್ತುವವರಿದ್ದಾರೆ. ರೋಗದ ವಿವರ ಗುಟ್ಟಾಗಿರಬೇಕೆಂಬುದು ರೋಗಿಯ ಹಕ್ಕು. ಒಪ್ಪಿಗೆಯಿಲ್ಲದೆ ಫೋಟೋ ಬಳಸುವುದನ್ನು ಬೇಡವೆನ್ನಬಹುದು, ಒಮ್ಮೆ ಕೊಟ್ಟ ಒಪ್ಪಿಗೆಯನ್ನು ವಾಪಸೂ ಪಡೆಯಬಹುದು. ಇನ್ನು ಕಳಸೇಶ್ವರನ ರಥೋತ್ಸವದಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ಕ್ಯಾನ್ಸರ್ ರೋಗಿಗಳ ಹೆಸರಿನಲ್ಲಿ ಡಬ್ಬಿ ಹಿಡಿದು ಬರುವವರಿಗೆ ಕೊಡುವ ಮುಂಚೆ ಟ್ರಸ್ಟಿನ ನೋಂದಣಿ ಸಂಖ್ಯೆ, ಪ್ಯಾನ್ ಸಂಖ್ಯೆ ಇರುವ ರಸೀದಿ ಕೇಳಿ. ನಿಜವಾದ ಸಂಸ್ಥೆಯವರು ಇದಕ್ಕೆ ಮುಖ ಸಿಂಡರಿಸುವುದಿಲ್ಲ. ರೋಗಿಯ ಮನೆಯವರಿಗೆ 'ಸಹಾಯಧನ ಮಂಜೂರಾಗಿದೆ, ಮೊದಲು ಪ್ರೊಸೆಸಿಂಗ್ ಫೀ ಕಟ್ಟಿ' ಎಂದು ಫೋನು ಬಂದರೆ ಅದು ಮೋಸ ಎಂದೇ ತಿಳಿದು 1930ಕ್ಕೆ ದೂರು ಕೊಡಿ.

ನೋವಿಗೆ ಔಷಧಿ ಇದೆ

ಇಷ್ಟೆಲ್ಲದರಲ್ಲಿ ಅತ್ಯಂತ ಕಡಿಮೆ ಜನಕ್ಕೆ ಗೊತ್ತಿರುವುದು ಇದು. ವಾಸಿಯಾಗದ ಹಂತದಲ್ಲಿ "ಮನೆಗೆ ಕರ್ಕೊಂಡ್ ಹೋಗಿ" ಎನ್ನುತ್ತಾರೆ. ಮನೆಗೆ ಕರೆತಂದ ಮೇಲೆ ರಾತ್ರಿಯೆಲ್ಲ ಕೂಗು. ಪಕ್ಕದ ಮನೆಯವರೂ ನಿದ್ದೆ ಮಾಡಲಾರರು. ಆ ನೋವನ್ನು ಹಣೆಬರಹವೆಂದು ಸಹಿಸಬೇಕಾಗಿಲ್ಲ. ಮಾರ್ಫಿನ್ ಬಾಯಲ್ಲಿ ನುಂಗುವ ಮಾತ್ರೆಯಾಗಿ ಸಿಗುತ್ತದೆ, ದುಬಾರಿಯೂ ಅಲ್ಲ. 1985ರ ಮಾದಕ ವಸ್ತು ಕಾಯ್ದೆಯ ಭಯದಿಂದ ಬಹಳ ವರ್ಷ ಆಸ್ಪತ್ರೆಗಳೇ ಅದನ್ನು ಇಟ್ಟುಕೊಳ್ಳಲು ಹೆದರುತ್ತಿದ್ದವು. ಹಲವು ಲೈಸೆನ್ಸುಗಳು ಬೇಕಿದ್ದವು. 2014ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿ ಮಾರ್ಫಿನ್ ಮುಂತಾದವನ್ನು 'ಅಗತ್ಯ ಮಾದಕ ಔಷಧ'ಗಳೆಂದು ಬೇರೆ ಮಾಡಿತು. ಈಗ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ ಒಂದೇ ಅನುಮತಿಯಲ್ಲಿ ಅದನ್ನು ಕೊಡಬಹುದು. ವೈದ್ಯರ ಚೀಟಿಯೊಂದಿಗೆ ಅದನ್ನು ಮನೆಗೆ ತರುವುದು ಅಪರಾಧವಲ್ಲ. ದಾರಿಯಲ್ಲಿ ಯಾವ ಚೆಕ್‌ಪೋಸ್ಟಿನಲ್ಲಿ ಕೇಳಿದರೂ ಚೀಟಿ ತೋರಿಸಿದರಾಯಿತು. ಡಿಸ್ಚಾರ್ಜ್ ಆಗುವಾಗ ಉಪಶಾಮಕ ಆರೈಕೆ ವಿಭಾಗ ಇದೆಯೇ, ಮಾರ್ಫಿನ್ ಬರೆದುಕೊಡುತ್ತೀರಾ, ಮನೆಯಲ್ಲಿ ಹೇಗೆ ಕೊಡಬೇಕು, ಮುಗಿದಾಗ ರೋಗಿಯನ್ನು ಕರೆತರದೆ ಬೇರೆಯವರು ಬಂದು ಪಡೆಯಬಹುದೇ ಎಂದು ಬಾಯಿಬಿಟ್ಟು ಕೇಳಿ. ಕೊನೆಯ ಪ್ರಶ್ನೆ ನಮ್ಮ ಊರಿನ ರಸ್ತೆ ಕಂಡವರಿಗೆ ಮಾತ್ರ ಹೊಳೆಯುವಂಥದ್ದು. ಮನೆಯಲ್ಲಿ ನೋಡಿಕೊಳ್ಳಲು ಆಗದವರು ಕರುಣಾಶ್ರಯದಂಥ ಕಡೆ ವೈದ್ಯರ ಪತ್ರ, ರಿಪೋರ್ಟುಗಳೊಂದಿಗೆ ಸಂಪರ್ಕಿಸಬಹುದು.

ವೆಂಟಿಲೇಟರ್ ಹಾಕಿ ನನ್ನ ಸಾವನ್ನು ಎಳೆಯಬೇಡಿ ಎಂದು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಕಾಮನ್ ಕಾಸ್ ತೀರ್ಪಿನಲ್ಲಿ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಒಂದು ಪ್ರತಿ ಸ್ಥಳೀಯ ಸಂಸ್ಥೆಯ ಅಧಿಕಾರಿಗೆ ಸಲ್ಲಬೇಕು, ಇನ್ನೊಂದು ಮನೆಯವರ ಕೈಯಲ್ಲಿರಬೇಕು. ಚಿಕಿತ್ಸೆ ನಿಲ್ಲಿಸುವ ತೀರ್ಮಾನವನ್ನು ಆಮೇಲೆ ಎರಡು ವೈದ್ಯ ಮಂಡಳಿಗಳು ನೋಡುತ್ತವೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ.

ಅರ್ಜಿ ಬರೆಯಲು ಬಾರದಿದ್ದರೆ, ಆಸ್ಪತ್ರೆಗೆ ಪತ್ರ ಹಾಕಬೇಕಿದ್ದರೆ ವಕೀಲರಿಗೆ ದುಡ್ಡು ಕೊಡಬೇಕಿಲ್ಲ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ವರ್ಷಕ್ಕೆ 3 ಲಕ್ಷಕ್ಕಿಂತ ಕಡಿಮೆ ಆದಾಯದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಕಾನೂನು ನೆರವು ಉಚಿತ. ಮೂಡಿಗೆರೆ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಸಹಾಯವಾಣಿ 15100. ರೋಗಿಯನ್ನು ಬಿಟ್ಟು ಮೂಡಿಗೆರೆಗೆ ಬರುವುದು ಕಷ್ಟವಾದರೆ ಮೊದಲು ಫೋನ್ ಮಾಡಿ.